ವಿಡಿಯೋ ಹಾಕುವ ಮುಂಚೆ ನೀವೇ ಒಂದು ಕೆಟ್ಟ ಕಟ್ ಹೊಡೆದು ನೋಡಿ

ತಿಪಟೂರಿನಲ್ಲಿ ನನ್ನದೊಂದು ಸಣ್ಣ ಎಡಿಟಿಂಗ್ ಅಂಗಡಿ ಇದೆ. ಮದುವೆ, ಗೃಹಪ್ರವೇಶ, ನಾಮಕರಣ ನಮ್ಮ ಹೊಟ್ಟೆಪಾಡು. ಈಚೆಗೆ ರೀಲ್ಸ್ ಕೆಲಸವೂ ಜಾಸ್ತಿ ಆಗಿದೆ. ಹುಡುಗರು ಮೊಬೈಲ್ ಹಿಡಿದು ಬರುತ್ತಾರೆ. "ಅಕ್ಕ, ಇದಕ್ಕೊಂದು ಮ್ಯೂಸಿಕ್ ಹಾಕಿ, ನೋಡಿದವರ ಎದೆ ಝಲ್ ಅನ್ನಬೇಕು" ಅನ್ನುತ್ತಾರೆ. ಅಪಘಾತ, ಜಗಳ, ಕುಡಿದು ಬಿದ್ದಿರುವ ಅಪ್ಪ, ಜಾತ್ರೆಯಲ್ಲಿ ಮೈಮೇಲೆ ದೇವರು ಬಂದ ಹೆಂಗಸು, ಮಕ್ಕಳ ಕಳ್ಳರ ನಾಟಕ. ಎಲ್ಲವೂ ಬರುತ್ತವೆ. ಕೆಲವನ್ನು ಮಾಡಿಕೊಡುತ್ತೇನೆ, ಕೆಲವನ್ನು ಆಗಲ್ಲ ಅನ್ನುತ್ತೇನೆ. ನಾನು ಆಗಲ್ಲ ಅಂದಿದ್ದು ಎರಡು ಅಂಗಡಿ ಆಚೆ ಆಗುತ್ತದೆ, ಅದೂ ಗೊತ್ತು. ಹಾಗಾಗಿ ನಾನು ಏನೇನು ನೋಡುತ್ತೇನೆ ಅನ್ನುವುದನ್ನು ಇಲ್ಲಿ ಬರೆದಿಡುತ್ತಿದ್ದೇನೆ. ನೀವೇ ಮನೆಯಲ್ಲಿ ಕೂತು ಮಾಡಬಹುದು, ನನ್ನ ಅಂಗಡಿಗೆ ಬರಬೇಕಾಗಿಲ್ಲ.

ಮೊದಲು ಕತ್ತರಿ ನಿಮ್ಮ ಕೈಗೆ ತಗೊಳ್ಳಿ

ವಿಡಿಯೋ ಒಮ್ಮೆ ನಿಮ್ಮ ಕೈ ಬಿಟ್ಟರೆ ಅದನ್ನು ಎಲ್ಲಿ ಕತ್ತರಿಸಬೇಕು ಅನ್ನುವುದು ಬೇರೆಯವರ ಇಷ್ಟ. ಎಡಿಟಿಂಗ್ ಮಾಡುವ ನನಗೆ ಇದು ದಿನವೂ ಕಾಣುವ ವಿಷಯ. ಮೂರು ನಿಮಿಷದ ವಿಡಿಯೋದಲ್ಲಿ ಜನ ಹಂಚುವುದು ಹತ್ತು ಸೆಕೆಂಡ್. ಅದರ ಹಿಂದೆ ಏನಿತ್ತು, ಮುಂದೆ ಏನಾಯಿತು, ನೀವು ಕೆಳಗೆ ಏನು ಬರೆದಿದ್ದಿರಿ, ಒಂದೂ ಜೊತೆಗೆ ಹೋಗುವುದಿಲ್ಲ.

ಹಾಗಾಗಿ ಅಪ್‌ಲೋಡ್ ಮಾಡುವ ಮುಂಚೆ ಆ ಕೆಲಸವನ್ನು ನೀವೇ ಮಾಡಿ. ಫೋನಿನಲ್ಲೇ ಟ್ರಿಮ್ ಆಯ್ಕೆ ಇರುತ್ತದೆ. ವಿಡಿಯೋದ ಒಂದು ಕಾಪಿ ಮಾಡಿಕೊಳ್ಳಿ. ನಿಮಗೆ ಆಗದವನು ಯಾವ ಹತ್ತು ಸೆಕೆಂಡ್ ಆರಿಸಿಕೊಳ್ಳುತ್ತಾನೋ ಅಷ್ಟನ್ನೇ ಇಟ್ಟು ಉಳಿದದ್ದನ್ನು ತೆಗೆಯಿರಿ. ಮೊದಲು ಸೌಂಡ್ ಇಟ್ಟುಕೊಂಡು ನೋಡಿ. ಆಮೇಲೆ ಸೌಂಡ್ ತೆಗೆದು ನೋಡಿ, ಯಾಕಂದ್ರೆ ಬಸ್ಸಿನಲ್ಲಿ, ಆಫೀಸಿನಲ್ಲಿ ಎಷ್ಟೋ ಜನ ಸೌಂಡ್ ಇಲ್ಲದೆಯೇ ನೋಡುತ್ತಾರೆ. ಈಗ ನಿಮ್ಮ ಊರನ್ನೇ ಕಂಡಿರದ ಒಬ್ಬರಿಗೆ ಇದನ್ನು ತೋರಿಸಿದರೆ ಅವರು ಏನು ಅಂದುಕೊಳ್ಳುತ್ತಾರೆ? ಯಾರ ಮೇಲೆ ಸಿಟ್ಟಾಗುತ್ತಾರೆ? ಯಾರನ್ನು ನೋಡಿ ನಗುತ್ತಾರೆ? ಉತ್ತರ ಕೇಳಿ ಹೊಟ್ಟೆಯಲ್ಲಿ ಕಸಿವಿಸಿ ಆದರೆ ವಿಡಿಯೋ ಇನ್ನೂ ಹಾಕುವ ಹಾಗೆ ಆಗಿಲ್ಲ ಅಂತ ತಿಳಿಯಿರಿ.

ಇದು ನನ್ನ ತಲೆಯಿಂದ ಹುಟ್ಟಿದ ಭಯ ಅಂದುಕೊಳ್ಳಬೇಡಿ. ಪಾಕಿಸ್ತಾನದ ಕರಾಚಿಯಲ್ಲಿ ಮಕ್ಕಳ ಅಪಹರಣದ ಬಗ್ಗೆ ಎಚ್ಚರಿಸಲು ಒಂದು ಜಾಗೃತಿ ವಿಡಿಯೋ ಮಾಡಿದ್ದರು. ಬೀದಿಯಲ್ಲಿ ಮಕ್ಕಳು ಆಡುತ್ತಿರುತ್ತಾರೆ. ಬೈಕಿನಲ್ಲಿ ಬಂದ ಇಬ್ಬರು ಒಂದು ಮಗುವನ್ನು ಎತ್ತಿಕೊಂಡು ಹೋಗುತ್ತಾರೆ. ಆಮೇಲೆ ವಾಪಸ್ ಬಂದು ಮಗುವನ್ನು ಇಳಿಸಿ, ಮಕ್ಕಳು ಕಾಣೆಯಾಗುವ ಬಗ್ಗೆ ಬರೆದ ಒಂದು ಬೋರ್ಡ್ ಎತ್ತಿ ತೋರಿಸುತ್ತಾರೆ. ನಾಟಕ, ಒಳ್ಳೇ ಉದ್ದೇಶ, ಕೊನೆಯಲ್ಲಿ ಸ್ಪಷ್ಟ ಸೂಚನೆ. ಎಲ್ಲವೂ ಇತ್ತು ಅಲ್ವಾ? ಯಾರೋ ಆ ಬೋರ್ಡ್ ಬರುವ ಮುಂಚೆಯೇ ಕಟ್ ಮಾಡಿದರು. ಉಳಿದ ತುಣುಕು ನಮ್ಮ ದೇಶದ ವಾಟ್ಸಾಪ್ ಗ್ರೂಪ್‌ಗಳಲ್ಲಿ "ಮಕ್ಕಳ ಕಳ್ಳರು ಬಂದಿದ್ದಾರೆ" ಅನ್ನುವ ಸುದ್ದಿಯ ಜೊತೆ ಹರಿದಾಡಿತು. 2018ರ ಮೇ ತಿಂಗಳಲ್ಲಿ ಬೆಂಗಳೂರಿನ ಚಾಮರಾಜಪೇಟೆಯಲ್ಲಿ ಕೆಲಸ ಹುಡುಕಿಕೊಂಡು ಬಂದಿದ್ದ ಹೊರರಾಜ್ಯದ ಯುವಕನೊಬ್ಬನನ್ನು ಮಕ್ಕಳ ಕಳ್ಳ ಅಂತ ಜನ ಕಟ್ಟಿಹಾಕಿ ಹೊಡೆದು ಕೊಂದರು. ಜುಲೈ ಒಂದಕ್ಕೆ ಮಹಾರಾಷ್ಟ್ರದ ಧುಳೆ ಜಿಲ್ಲೆಯ ರಾಯಿನ್‌ಪಾಡಾದಲ್ಲಿ ಐವರು ಸತ್ತರು. ಅದೇ ತಿಂಗಳು ನಮ್ಮ ಬೀದರ್ ಜಿಲ್ಲೆಯ ಮುರ್ಕಿಯಲ್ಲಿ ಹೈದರಾಬಾದಿನ ಯುವ ಇಂಜಿನಿಯರ್ ಒಬ್ಬರು ಸತ್ತರು. ಜೊತೆಯವರೊಬ್ಬರು ಮಕ್ಕಳಿಗೆ ಚಾಕೊಲೇಟ್ ಕೊಟ್ಟಿದ್ದೇ ಅನುಮಾನಕ್ಕೆ ಕಾರಣವಾಗಿತ್ತು. ಅವರು ಕಾರಿನಲ್ಲಿ ಹೊರಟಾಗ ಅವರ ವಿಡಿಯೋ ಅವರಿಗಿಂತ ಮುಂಚೆ ಮುಂದಿನ ಊರಿನ ಗ್ರೂಪ್ ತಲುಪಿತ್ತು. ಅಲ್ಲಿ ಜನ ರಸ್ತೆಗೆ ಅಡ್ಡ ಹಾಕಿ ಕಾದಿದ್ದರು. ಬಂಧನವಾದವರಲ್ಲಿ ವಾಟ್ಸಾಪ್ ಗ್ರೂಪಿನ ಅಡ್ಮಿನ್ ಕೂಡ ಇದ್ದರು.

ಆ ಜುಲೈನಲ್ಲೇ ವಾಟ್ಸಾಪ್ ನಮ್ಮ ದೇಶದಲ್ಲಿ ಒಂದು ಮೆಸೇಜನ್ನು ಒಂದು ಸಲಕ್ಕೆ ಐದು ಚಾಟ್‌ಗಳಿಗಿಂತ ಹೆಚ್ಚಿಗೆ ಫಾರ್ವರ್ಡ್ ಮಾಡದಂತೆ ಮಿತಿ ಹಾಕಿತು. 2020ರಲ್ಲಿ, ಆಗಲೇ ಬಹಳ ಸಲ ಫಾರ್ವರ್ಡ್ ಆಗಿರುವ ಮೆಸೇಜಿಗೆ ಮಿತಿ ಒಂದೇ ಚಾಟ್ ಆಯಿತು. ಮೆಸೇಜಿನ ಮೇಲೆ ಎರಡು ಬಾಣದ ಗುರುತು ಕಂಡರೆ ಅದು ಈ ಜಾತಿಯದು.

ನಾಟಕ ಮಾಡಿದ್ದರೆ

ಸ್ಕ್ರಿಪ್ಟೆಡ್ ವಿಡಿಯೋ ಮಾಡುವುದು ತಪ್ಪು ಅಂತ ನಾನು ಹೇಳುವುದಿಲ್ಲ. ಹೇಳಿದರೆ ನನ್ನ ಅಂಗಡಿಯ ಅರ್ಧ ಬಾಡಿಗೆ ಹೋಗುತ್ತದೆ. ಬೀದಿನಾಟಕ ಮಾಡಿದ ನಾಡು ನಮ್ಮದು, ಮೊಬೈಲಿನಲ್ಲಿ ಮಾಡಿದರೆ ಏನು? ಸಮಸ್ಯೆ ಇರುವುದು ನಾಟಕವನ್ನು ನಿಜ ಅಂತ ನಂಬಿಸುವಲ್ಲಿ. ಹಾಗಾಗಿ ನಾಟಕ ಅಂತ ಹೇಳುವ ಸಾಲು ಎಲ್ಲಿ ಇರಬೇಕು ಅನ್ನುವುದೇ ಇಲ್ಲಿ ಮುಖ್ಯ ಕೆಲಸ.

ಕೊನೆಯಲ್ಲಿ ಹಾಕಿದರೆ ಕಟ್ ಆಗುತ್ತದೆ. ಕರಾಚಿಯದ್ದು ಹಾಗೇ ಆಯಿತು. ಕ್ಯಾಪ್ಷನ್‌ನಲ್ಲಿ ಬರೆದರೆ ಡೌನ್‌ಲೋಡ್ ಮಾಡಿದ ಕೂಡಲೇ ಉದುರಿ ಹೋಗುತ್ತದೆ. ಮೊದಲ ಎರಡು ಸೆಕೆಂಡ್ ಕಪ್ಪು ಪರದೆಯ ಮೇಲೆ ಇಂಗ್ಲಿಷ್‌ನಲ್ಲಿ ಇರುವೆ ಸಾಲಿನ ಹಾಗೆ ಬರೆದರೆ ಅದು ಬರೆದ ಲೆಕ್ಕಕ್ಕೇ ಇಲ್ಲ. ಓದಬಾರದು ಅಂತಲೇ ಬರೆದಿರುತ್ತಾರೆ, ನನ್ನ ಹತ್ತಿರವೂ ಹಾಗೆ ಕೇಳುತ್ತಾರೆ.

ನಾನು ಮಾಡುವುದು ಹೀಗೆ. "ಇದು ನಟನೆ" ಅಂತ ಎರಡೇ ಪದ, ಕನ್ನಡದಲ್ಲಿ, ದಪ್ಪ ಅಕ್ಷರದಲ್ಲಿ, ಮೊದಲ ಫ್ರೇಮಿನಿಂದ ಕೊನೆಯ ಫ್ರೇಮಿನವರೆಗೆ. ಜಾಗವೂ ಮುಖ್ಯ. ರೀಲ್ಸ್ ಅಳತೆ 1080 ಅಗಲ, 1920 ಎತ್ತರ. ಯಾರಾದರೂ ಅದನ್ನು ಚೌಕಕ್ಕೆ ಕತ್ತರಿಸಿದರೆ ಮೇಲಿನ 420, ಕೆಳಗಿನ 420 ಪಿಕ್ಸೆಲ್ ಹೋಗುತ್ತವೆ. ಅಂಚಿನಲ್ಲಿ ಬರೆದ ಸಾಲೂ ಅವುಗಳ ಜೊತೆ ಹೋಗುತ್ತದೆ. ಕೆಳಭಾಗವನ್ನು ಹೇಗೂ ಆಪ್‌ನ ಬಟನ್‌ಗಳು, ಹೆಸರು, ಕ್ಯಾಪ್ಷನ್ ಮುಚ್ಚಿರುತ್ತವೆ. ಆದ್ದರಿಂದ ಸಾಲು ನಡುವಿನ ಚೌಕದ ಒಳಗೇ, ಅದರ ಮೇಲ್ಭಾಗದಲ್ಲಿ ಇರಲಿ. "ಅಕ್ಕ, ಅಲ್ಲಿ ಹಾಕಿದ್ರೆ ಸೀನ್ ಹಾಳಾಗುತ್ತೆ" ಅಂತ ಹುಡುಗರು ಗೊಣಗುತ್ತಾರೆ. ಆಗಲಿ ಬಿಡಿ. ನಟನೆ ಅಂತ ಗೊತ್ತಾದ ತಕ್ಷಣ ಬಿದ್ದುಹೋಗುವ ಸೀನ್ ಆದರೆ ಅದರಲ್ಲಿ ಕಥೆಯೇ ಇರಲಿಲ್ಲ. ಓದಲು ಬಾರದವರೂ ನೋಡುತ್ತಾರೆ, ಹಾಗಾಗಿ ಶುರುವಿನಲ್ಲಿ ಬಾಯಲ್ಲೂ ಒಂದು ಸಲ ಹೇಳಿಸಿ.

ಕೆಲವನ್ನು ಲೇಬಲ್ ಹಾಕಿದರೂ ನಾನು ಮುಟ್ಟುವುದಿಲ್ಲ. ಸಿಸಿಟಿವಿ ದೃಶ್ಯದ ಹಾಗೆ ಮೂಲೆಯಲ್ಲಿ ತಾರೀಕು, ಗಂಟೆ ಓಡಿಸಿ ಕೊಡಿ ಅನ್ನುವುದು ಒಂದು. ನಟನೆ ಅಂತ ಬರೆದು ಪಕ್ಕದಲ್ಲೇ ಸಿಸಿಟಿವಿ ಗಡಿಯಾರ ಯಾಕೆ ಓಡಿಸಬೇಕು? ಇನ್ನೊಂದು, ಕಳ್ಳನ ಪಾತ್ರಕ್ಕೆ ಬುರ್ಖಾ, ಟೋಪಿ, ಕಾವಿ ಅಥವಾ ಯಾವುದಾದರೂ ಅಲೆಮಾರಿ ಸಮುದಾಯದ ಉಡುಪು ಹಾಕಿಸುವುದು. ಕೆಟ್ಟ ಕಟ್ ಪರೀಕ್ಷೆಗೆ ಹಾಕಿ ನೋಡಿ. ಉಳಿಯುವ ಹತ್ತು ಸೆಕೆಂಡ್‌ನಲ್ಲಿ ನಟ ಕಾಣುವುದಿಲ್ಲ, ಉಡುಪು ಕಾಣುತ್ತದೆ. ನಾಳೆ ಅದೇ ಉಡುಪಿನಲ್ಲಿ ನಿಮ್ಮ ಊರಿಗೆ ಭಿಕ್ಷೆಗೋ ವ್ಯಾಪಾರಕ್ಕೋ ಬರುವವರ ಗತಿ ಏನು?

ಪ್ರಾಂಕ್ ವಿಷಯದಲ್ಲಿ ನನ್ನದು ಒಂದೇ ಪ್ರಶ್ನೆ: ಎದುರಿಗೆ ಇದ್ದವರಿಗೆ ಆಮೇಲೆ ಹೇಳಿ, ವಿಡಿಯೋ ತೋರಿಸಿ, ಒಪ್ಪಿಗೆ ತಗೊಂಡಿರಾ? ಬಸ್ ಸ್ಟ್ಯಾಂಡಿನಲ್ಲಿ ಮೂರ್ಛೆ ಬಿದ್ದ ಹಾಗೆ ನಟಿಸಿ, ಎತ್ತಲು ಓಡಿಬಂದ ಹಣ್ಣಿನ ಅಂಗಡಿಯ ಅಜ್ಜಿಯನ್ನು ನೋಡಿ ನಗುವುದು ನನಗಂತೂ ಸಹಿಸಲು ಆಗುವುದಿಲ್ಲ. ಮುಂದಿನ ಸಲ ನಿಜವಾಗಿ ಯಾರಾದರೂ ಬಿದ್ದರೆ ಆ ಅಜ್ಜಿ ಮೊದಲು ಸುತ್ತಮುತ್ತ ಕ್ಯಾಮೆರಾ ಹುಡುಕುತ್ತಾಳೆ.

ಮನೆಯ ವಿಡಿಯೋಗಳು

ಜನ ಅಪಘಾತದ ವಿಡಿಯೋ ಬಗ್ಗೆ ಎರಡು ಸಲ ಯೋಚಿಸುತ್ತಾರೆ. ಮನೆಯದ್ದರ ಬಗ್ಗೆ ಯೋಚಿಸುವುದೇ ಇಲ್ಲ. ನಮ್ಮ ಮನೆ, ನಮ್ಮ ಮಗು, ಯಾರನ್ನು ಕೇಳಬೇಕು ಅನ್ನುವ ಧೈರ್ಯ.

ನಮ್ಮ ಕಡೆ ಹುಡುಗಿ ದೊಡ್ಡವಳಾದಾಗ ಆರತಿ ಶಾಸ್ತ್ರ ಮಾಡುತ್ತಾರೆ. ಆಲ್ಬಮ್ ಮಾಡಿಸುತ್ತಾರೆ, ವಿಡಿಯೋ ಮಾಡಿಸುತ್ತಾರೆ. ಮನೆಯವರಿಗೆ ಸಂಭ್ರಮ, ತಪ್ಪೇನಿಲ್ಲ. ಆದರೆ ಅದಕ್ಕೆ ಸಿನಿಮಾ ಹಾಡು ಹಾಕಿ ಸಾರ್ವಜನಿಕವಾಗಿ ಬಿಟ್ಟರೆ ಆ ಹನ್ನೆರಡು ವರ್ಷದ ಹುಡುಗಿ ಸೋಮವಾರ ಕ್ಲಾಸಿಗೆ ಹೋಗಬೇಕಲ್ಲ! ಹುಡುಗರು ಏನೆಲ್ಲ ಅನ್ನುತ್ತಾರೆ ಅಂತ ನಾವೂ ಶಾಲೆಗೆ ಹೋದವರೇ, ಗೊತ್ತು. ನಾನು ಪೆನ್‌ಡ್ರೈವ್ ಕೊಡುವಾಗ ತಾಯಿಗೆ ಮೆಲ್ಲಗೆ ಹೇಳುತ್ತೇನೆ: "ಆನ್‌ಲೈನಿಗೆ ಹಾಕೋದಾದ್ರೆ ಮಗಳನ್ನ ಒಂದು ಮಾತು ಕೇಳಿ. ಅವಳು ಬೇಡ ಅಂದ್ರೆ ಬೇಡ." ಕೇಳುವಾಗ ನೆಂಟರ ಮುಂದೆ ಕೇಳಬೇಡಿ. ಹತ್ತು ಜನರ ಎದುರು ಮಕ್ಕಳು ಹೂಂ ಅನ್ನದೆ ಇನ್ನೇನು ಅಂದಾರು?

ಮಗು ಬಿಕ್ಕಿ ಬಿಕ್ಕಿ ಅಳುವುದು, ಬೈಸಿಕೊಳ್ಳುವುದು, ಹೆದರುವುದು, ಇವುಗಳ ವಿಡಿಯೋಗೆ ವ್ಯೂಸ್ ಜಾಸ್ತಿ. ಅದೇ ಅಪಾಯ. ಅಮೆರಿಕದ ಮೇರಿಲ್ಯಾಂಡ್‌ನ ಒಂದು ದಂಪತಿ ಮಕ್ಕಳ ಮೇಲೆ ಪ್ರಾಂಕ್ ಮಾಡಿ, ಬೈದು ಅಳಿಸುವ ವಿಡಿಯೋಗಳನ್ನು ಯೂಟ್ಯೂಬಿಗೆ ಹಾಕುತ್ತಿದ್ದರು. ಜನ ಸಿಟ್ಟಾದಾಗ ಅದೆಲ್ಲ ನಟನೆ ಅಂದರು. 2017ರಲ್ಲಿ ಇಬ್ಬರು ಮಕ್ಕಳನ್ನು ಅವರ ವಶದಿಂದ ತೆಗೆದರು, ಮಕ್ಕಳನ್ನು ಕಡೆಗಣಿಸಿದ ಅಪರಾಧಕ್ಕೆ ಐದು ವರ್ಷದ ಪ್ರೊಬೇಷನ್, ಅಂದರೆ ಜೈಲಿನ ಬದಲು ನಿಗಾದಲ್ಲಿ ಇರುವ ಶಿಕ್ಷೆ ಆಯಿತು. ದೊಡ್ಡವರಿಗೆ ನಟನೆ ಆಗಿರಬಹುದು. ಮಗುವಿನ ಕಣ್ಣೀರು ನಿಜದ್ದೇ.

ಕುಡಿದು ಬಿದ್ದ ಗಂಡನ ವಿಡಿಯೋ ತಂದು "ಬುದ್ಧಿ ಬರಲಿ ಅಂತ ಹಾಕ್ತೀನಿ" ಅನ್ನುವ ಹೆಂಗಸರಿಗೆ ನಾನು ಉಪದೇಶ ಮಾಡುವುದಿಲ್ಲ. ಅವರ ಕಷ್ಟ ಅವರಿಗೆ ಗೊತ್ತು. ಆದರೆ ಆ ವಿಡಿಯೋ ಊರಿಗೆಲ್ಲ ಹೋದರೆ ಮಕ್ಕಳಿಗೆ ಬೀದಿಯಲ್ಲಿ ಹೆಸರು ಬೀಳುತ್ತದೆ. ಹೊಡೆತ ಬಡಿತ ಇದ್ದರೆ ವಿಡಿಯೋ ಇಟ್ಟುಕೊಳ್ಳಿ, ಅದು ಸಾಕ್ಷಿ. 181 ಮಹಿಳಾ ಸಹಾಯವಾಣಿಗೆ ಫೋನ್ ಮಾಡಿ. ಮರೆವಿನ ಕಾಯಿಲೆ ಇರುವ ಅಜ್ಜ, ಆಸ್ಪತ್ರೆ ಹಾಸಿಗೆಯಲ್ಲಿ ಪ್ರಜ್ಞೆ ಇಲ್ಲದವರು, ಮೈಮೇಲೆ ಬಂದು ಕೂದಲು ಕೆದರಿಕೊಂಡವರು, ಇವರೆಲ್ಲ ಆ ಹೊತ್ತಿನಲ್ಲಿ ಬೇಡ ಅನ್ನಲು ಆಗದವರು. ಬೇಡ ಅನ್ನಲಿಲ್ಲ ಅನ್ನುವುದನ್ನು ಒಪ್ಪಿಗೆ ಅಂತ ಲೆಕ್ಕ ಹಾಕಬೇಡಿ.

ನಿಜವಾಗಿ ನಡೆದದ್ದು ನಿಮ್ಮ ಫೋನಿನಲ್ಲಿದ್ದರೆ

ಮೊದಲ ಪ್ರಶ್ನೆ ವಿಡಿಯೋದ್ದೇ ಅಲ್ಲ. 2017ರ ಫೆಬ್ರವರಿಯಲ್ಲಿ ಕೊಪ್ಪಳದಲ್ಲಿ ಬಸ್ಸಿಗೆ ಸಿಕ್ಕಿದ ಸೈಕಲ್ ಸವಾರ, 18 ವರ್ಷದ ಹುಡುಗ, 20 ನಿಮಿಷಕ್ಕೂ ಹೆಚ್ಚು ಹೊತ್ತು ರಸ್ತೆಯಲ್ಲೇ ಬಿದ್ದಿದ್ದ. ಸುತ್ತ ನಿಂತವರು ಫೋಟೋ, ವಿಡಿಯೋ ತೆಗೆದರು. ಅವನು ಬದುಕಲಿಲ್ಲ. ಎಷ್ಟೋ ಜನ ಪೊಲೀಸ್, ಕೋರ್ಟ್ ಅಂತ ಹೆದರಿ ಕೈ ಹಾಕುವುದಿಲ್ಲ. ಆ ಹೆದರಿಕೆ ಬೇಡ. ಅಪಘಾತದಲ್ಲಿ ನೆರವಾದವರಿಗೆ ರಕ್ಷಣೆ ಕೊಡುವ ಸೆಕ್ಷನ್ 134ಎ ಈಗ ಮೋಟಾರು ವಾಹನ ಕಾಯ್ದೆಯಲ್ಲೇ ಇದೆ. 108ಕ್ಕೋ 112ಕ್ಕೋ ಫೋನ್ ಮಾಡಿ, ಆಮೇಲೆ ಕ್ಯಾಮೆರಾ.

ಹಲ್ಲೆ, ದೌರ್ಜನ್ಯ ನಡೆದದ್ದು ರೆಕಾರ್ಡ್ ಆಗಿದ್ದರೆ ಒರಿಜಿನಲ್ ಫೈಲನ್ನು ಮುಟ್ಟಬೇಡಿ. ಟ್ರಿಮ್ ಬೇಡ, ಫಿಲ್ಟರ್ ಬೇಡ. ವಾಟ್ಸಾಪ್‌ನಲ್ಲಿ ವಿಡಿಯೋ ಅಂತ ಕಳಿಸಿದರೆ ಅದು ಕುಗ್ಗಿ ಬೇರೆಯದೇ ಫೈಲ್ ಆಗುತ್ತದೆ, ಹಾಗಾಗಿ ಕೇಬಲ್ ಹಾಕಿ ಪೆನ್‌ಡ್ರೈವಿಗೆ ಕಾಪಿ ಮಾಡಿ. ಕೋರ್ಟಿಗೆ ಹೋದಾಗ ಭಾರತೀಯ ಸಾಕ್ಷ್ಯ ಅಧಿನಿಯಮದ ಸೆಕ್ಷನ್ 63ರ ಪ್ರಮಾಣಪತ್ರ ಬೇಕಾಗುತ್ತದೆ. ಯಾವ ಫೋನಿನಲ್ಲಿ ತೆಗೆದದ್ದು, ಯಾವಾಗ ಅನ್ನುವುದನ್ನು ಅವತ್ತೇ ಒಂದು ಕಡೆ ಬರೆದಿಡಿ. ಫೋನ್ ಮಾರಬೇಡಿ.

"ಸ್ಟೇಷನ್ನಿಗೆ ಕೊಟ್ರೆ ಏನೂ ಆಗಲ್ಲ ಅಕ್ಕ, ವೈರಲ್ ಆದ್ರೆ ಮಾತ್ರ ಆಗುತ್ತೆ" ಅಂತ ಹೇಳುವವರಿದ್ದಾರೆ. ಕೆಲವು ಸಲ ಅದು ನಿಜ, ನಾನು ಸುಳ್ಳು ಹೇಳುವುದಿಲ್ಲ. ಹಾಗೆ ಹಾಕಲೇಬೇಕು ಅಂತಾದರೆ ಪೆಟ್ಟು ತಿಂದವರನ್ನು ಕೇಳಿ ಹಾಕಿ, ಅವರನ್ನು ಪೂರ್ತಿ ಮರೆಮಾಡಿ. ಮುಖಕ್ಕೆ ತೆಳ್ಳಗೆ ಬ್ಲರ್ ಸಾಲದು, ಗಟ್ಟಿಯಾಗಿ ಕಪ್ಪು ಬಳಿಯಿರಿ. ಅವರು ನಡೆದಾಡುವಾಗ ಬಳಿದ ಕಪ್ಪು ಒಂದೆರಡು ಫ್ರೇಮಿನಲ್ಲಿ ಜಾರುತ್ತದೆ, ಅಷ್ಟು ಸಾಕು ಸ್ಕ್ರೀನ್‌ಶಾಟ್ ಹೊಡೆಯಲು. ನಿಧಾನಕ್ಕೆ ಫ್ರೇಮ್ ಫ್ರೇಮ್ ನೋಡಿ. ಮುಖ ಮುಚ್ಚಿ ಶಾಲೆಯ ಯೂನಿಫಾರ್ಮ್, ಗಾಡಿ ನಂಬರ್, ಹಚ್ಚೆ, ಮನೆ ಬಾಗಿಲು, ಧ್ವನಿ ಬಿಟ್ಟರೆ ಊರಿನವರಿಗೆ ಗುರುತು ಹಿಡಿಯಲು ಒಂದು ನಿಮಿಷವೂ ಬೇಡ.

ಕಾನೂನಿನ ಗೆರೆಗಳು ಇಲ್ಲಿ ಖಡಕ್ಕಾಗಿವೆ. ಲೈಂಗಿಕ ದೌರ್ಜನ್ಯಕ್ಕೆ ಒಳಗಾದವರ ಗುರುತು ಬಿಟ್ಟುಕೊಡುವುದು ಭಾರತೀಯ ನ್ಯಾಯ ಸಂಹಿತೆಯ ಸೆಕ್ಷನ್ 72ರಲ್ಲಿ ಅಪರಾಧ. ಮಕ್ಕಳ ವಿಷಯಕ್ಕೆ ಪೋಕ್ಸೋ ಸೆಕ್ಷನ್ 23 ಇದೆ, ಬಾಲನ್ಯಾಯ ಕಾಯ್ದೆಯ 74 ಇದೆ. ಮಗು ತಪ್ಪು ಮಾಡಿದ್ದರೂ ಅದರ ಮುಖ, ಹೆಸರು, ಶಾಲೆ ತೋರಿಸುವ ಹಾಗಿಲ್ಲ. ಒಪ್ಪಿಗೆ ಇಲ್ಲದೆ ಖಾಸಗಿ ಅಂಗದ ಚಿತ್ರ ತೆಗೆದರೂ ಹಂಚಿದರೂ ಐಟಿ ಕಾಯ್ದೆ 66ಇ: ಮೂರು ವರ್ಷದವರೆಗೆ ಜೈಲು ಅಥವಾ ಎರಡು ಲಕ್ಷದವರೆಗೆ ದಂಡ, ಎರಡೂ ಆಗಬಹುದು.

ಅಂಗಡಿಯ ಸಿಸಿಟಿವಿ ದೃಶ್ಯ ಹಾಕಿ "ಈ ಕಳ್ಳಿಯನ್ನು ಹುಡುಕಿಕೊಡಿ" ಅನ್ನುವುದು ಈಗ ಹೊಸ ರೂಢಿ. ದಯವಿಟ್ಟು ಬೇಡ. ಕ್ಯಾಮೆರಾ ಒಂದೇ ಮೂಲೆಯಿಂದ ನೋಡುತ್ತದೆ. ಕೈ ಬ್ಯಾಗಿಗೆ ಹೋಗಿದ್ದು ಕಾಣುತ್ತದೆ, ಕೌಂಟರಿನಲ್ಲಿ ದುಡ್ಡು ಕೊಟ್ಟಿದ್ದು ಕಾಣದೇ ಇರಬಹುದು. ಪೊಲೀಸರಿಗೆ ಕೊಡಿ, ಗ್ರೂಪಿಗೆ ಬೇಡ.

ಬೇರೆಯವರ ವಿಡಿಯೋ ಬಂದಾಗ

ನಟನೆಯೋ ನಿಜವೋ ಅಂತ ನೋಡಲು ನಾನು ಮೊದಲು ಕೇಳಿಕೊಳ್ಳುವುದು ಕ್ಯಾಮೆರಾ ಹಿಡಿದವರ ಬಗ್ಗೆ. ಘಟನೆ ಆಗುವ ಮುಂಚೆಯೇ ಕ್ಯಾಮೆರಾ ಸರಿಯಾಗಿ ಅಲ್ಲಿಗೇ ತಿರುಗಿ ಯಾಕೆ ನಿಂತಿತ್ತು? ಎದುರಿಗೆ ಹೆಣ ಬೀಳುತ್ತಿದ್ದರೂ ಕೈ ನಡುಗಲಿಲ್ಲ ಯಾಕೆ? ದೂರದಲ್ಲಿ ಇರುವವರ ಮಾತು ಕಿವಿಯ ಪಕ್ಕ ಆಡಿದಷ್ಟು ಸ್ಪಷ್ಟ ಇದ್ದರೆ ಅಂಗಿಯೊಳಗೆ ಕಾಲರ್ ಮೈಕ್ ಇದೆ. ಇದ್ದಕ್ಕಿದ್ದ ಹಾಗೆ ಇನ್ನೊಂದು ಆ್ಯಂಗಲ್ ಬಂದರೆ ಎರಡನೇ ಸಲ ಶೂಟ್ ಮಾಡಿದ್ದಾರೆ ಅಥವಾ ಎರಡು ಕ್ಯಾಮೆರಾ ಇಟ್ಟಿದ್ದಾರೆ. ಸಿಸಿಟಿವಿ ಅಂತ ಹೇಳಿ ಜೂಮ್ ಆದರೆ, ಹಿನ್ನೆಲೆ ಸಂಗೀತ ಕೇಳಿದರೆ ನಗು ಬರುತ್ತದೆ. ಕೊನೆಯ ಐದು ಸೆಕೆಂಡ್ ತಪ್ಪದೆ ನೋಡಿ, ಸೂಚನೆ ಅಲ್ಲಿ ಅಡಗಿರುತ್ತದೆ.

ನಿಜದ ವಿಡಿಯೋ ಆದರೂ ಊರು ಬೇರೆ ಇರಬಹುದು. ಅಂಗಡಿ ಬೋರ್ಡಿನ ಭಾಷೆ, ಗಾಡಿ ನಂಬರ್ ಪ್ಲೇಟಿನ ಮೊದಲ ಎರಡು ಅಕ್ಷರ, ಬಸ್ಸಿನ ಬಣ್ಣ ನೋಡಿ. ಎರಡು ಮೂರು ಸ್ಕ್ರೀನ್‌ಶಾಟ್ ತೆಗೆದು ಗೂಗಲ್ ಲೆನ್ಸಿಗೆ ಹಾಕಿದರೆ ಎಷ್ಟೋ ಸಲ ಹಳೇ ವಿಡಿಯೋ ಸಿಕ್ಕಿಬಿಡುತ್ತದೆ.

ಇದೆಲ್ಲ ಮಾಡಿದ ಮೇಲೂ ಗೊತ್ತಾಗದೇ ಇರಬಹುದು. ಆಗ "ನಾಟಕ ಇದು" ಅಂತ ಕಮೆಂಟ್ ಹೊಡೆಯಲು ಹೋಗಬೇಡಿ. ನಿಜವಾಗಿ ಏಟು ತಿಂದವರಿಗೆ ಆ ಮಾತು ಎರಡನೇ ಏಟು. "ನಿಜವೋ ಸುಳ್ಳೋ ಗೊತ್ತಿಲ್ಲ, ಬಂದಿದ್ದನ್ನು ಹಾಕಿದ್ದೇನೆ" ಅಂತ ಫಾರ್ವರ್ಡ್ ಮಾಡುವುದಂತೂ ಇನ್ನೂ ಕೆಟ್ಟದ್ದು. ಗೊತ್ತಿಲ್ಲದಿದ್ದರೆ ಹಾಕಿದ್ದು ಯಾಕೆ ಸ್ವಾಮಿ?

ಎಐ ಬಂದ ಮೇಲೆ ನನ್ನ ಕಣ್ಣಿನ ಮೇಲೆ ನನಗೇ ಅಷ್ಟು ಭರವಸೆ ಇಲ್ಲ. 2023ರ ನವೆಂಬರಿನಲ್ಲಿ ನಮ್ಮ ಕೊಡಗಿನ ನಟಿ ರಶ್ಮಿಕಾ ಮಂದಣ್ಣ ಅವರ ಮುಖವನ್ನು ಇನ್ನೊಬ್ಬ ಮಹಿಳೆಯ ಲಿಫ್ಟ್ ವಿಡಿಯೋಗೆ ಅಂಟಿಸಿದ್ದರು. ಸಿಕ್ಕಿಬಿದ್ದ ಯುವಕ ಅವರದೇ ಅಭಿಮಾನಿ ಪುಟ ನಡೆಸುತ್ತಿದ್ದ. ಫಾಲೋವರ್ಸ್ ಜಾಸ್ತಿ ಆಗಲಿ ಅಂತ ಮಾಡಿದ ಎಂದು ಪೊಲೀಸರು ಹೇಳಿದರು. ಎಲ್ಲರೂ ನಟಿಯ ಬಗ್ಗೆ ಮಾತಾಡಿದರು. ಮೈ ಯಾರದ್ದೋ ಆ ಇನ್ನೊಬ್ಬ ಹೆಣ್ಣಿನ ಬಗ್ಗೆ ಮಾತಾಡಿದವರು ಕಡಿಮೆ. ನೀವೇ ಎಐನಲ್ಲಿ ಮಾಡಿದ್ದರೆ ಅಪ್‌ಲೋಡ್ ಮಾಡುವಾಗ ಹಾಗಂತ ತಿಳಿಸುವ ಆಯ್ಕೆ ಒತ್ತಿ. ಯೂಟ್ಯೂಬ್ 2024ರಿಂದ ಇದನ್ನು ಕೇಳುತ್ತಿದೆ. ಜೊತೆಗೆ ಫ್ರೇಮಿನ ಒಳಗೂ ಬರೆಯಿರಿ, ನಡುವಿನ ಚೌಕದಲ್ಲೇ.

ಯಾರಾದರೂ ಲೈವ್‌ನಲ್ಲಿ ಸಾಯುತ್ತೇನೆ ಅಂದರೆ ಅದು ನಟನೆಯೋ ಅಂತ ಯೋಚಿಸುತ್ತಾ ಕೂರಬೇಡಿ. 112ಕ್ಕೆ ಫೋನ್ ಮಾಡಿ, ಆಪ್‌ನಲ್ಲೇ ರಿಪೋರ್ಟ್ ಮಾಡಿ. ಮಾತಾಡುವ ಸ್ಥಿತಿಯಲ್ಲಿದ್ದರೆ ಟೆಲಿ ಮಾನಸ್ ನಂಬರ್ 14416 ಕೊಡಿ. ರೆಕಾರ್ಡ್ ಮಾಡಿ ಹಂಚಬೇಡಿ.

ಆಗಲೇ ಹೋಗಿಬಿಟ್ಟಿದ್ದರೆ

ನಿಮ್ಮ ಖಾಸಗಿ ವಿಡಿಯೋ ಯಾರೋ ಹಾಕಿದ್ದರೆ ಮೊದಲು ಲಿಂಕ್ ಕಾಪಿ ಮಾಡಿ, ಹಾಕಿದ ಖಾತೆ ಕಾಣುವ ಹಾಗೆ ಸ್ಕ್ರೀನ್‌ಶಾಟ್ ತೆಗೆಯಿರಿ. ಆಮೇಲೆ ಆಪ್‌ನಲ್ಲಿ ರಿಪೋರ್ಟ್ ಮಾಡಿ. ಆ ಕಂಪನಿಗೆ ದೂರು ಅಧಿಕಾರಿ ಇರಲೇಬೇಕು ಅಂತ 2021ರ ಐಟಿ ನಿಯಮಗಳು ಹೇಳುತ್ತವೆ, ಅವರಿಗೂ ಬರೆಯಿರಿ. ಸೈಬರ್‌ಕ್ರೈಮ್ ಡಾಟ್ ಗವ್ ಡಾಟ್ ಇನ್‌ನಲ್ಲಿ ದೂರು ಕೊಡಬಹುದು. ಜಿಲ್ಲೆಯ ಸೈಬರ್ ಅಪರಾಧ ನೋಡುವ ಪೊಲೀಸ್ ಠಾಣೆಗೂ ಹೋಗಬಹುದು. ದೊಡ್ಡವರ ಖಾಸಗಿ ಚಿತ್ರ ಹರಡದಂತೆ ತಡೆಯಲು ಸ್ಟಾಪ್ ಎನ್‌ಸಿಐಐ, 18 ತುಂಬದವರಿಗೆ ಟೇಕ್ ಇಟ್ ಡೌನ್ ಎಂಬ ಉಚಿತ ವ್ಯವಸ್ಥೆಗಳಿವೆ. ಅಲ್ಲಿ ಚಿತ್ರ ನಿಮ್ಮ ಫೋನ್ ಬಿಟ್ಟು ಹೋಗುವುದಿಲ್ಲ, ಅದರ ಡಿಜಿಟಲ್ ಗುರುತು ಮಾತ್ರ ಹೋಗುತ್ತದೆ. ಮಕ್ಕಳ ಅಶ್ಲೀಲ ವಿಡಿಯೋ ಕಣ್ಣಿಗೆ ಬಿದ್ದರೆ ಸಾಕ್ಷಿಗೆ ಅಂತಲೂ ಸೇವ್ ಮಾಡಬೇಡಿ, ಯಾರಿಗೂ ಕಳಿಸಬೇಡಿ. ಲಿಂಕ್ ಮಾತ್ರ ಬರೆದುಕೊಂಡು ದೂರು ಕೊಡಿ.

ನೀವೇ ಗ್ರೂಪಿಗೆ ಹಾಕಿ ಆಮೇಲೆ ಬೇಡವಾಗಿತ್ತು ಅನ್ನಿಸಿದರೆ, ವಾಟ್ಸಾಪ್‌ನಲ್ಲಿ ಎಲ್ಲರ ಫೋನಿನಿಂದಲೂ ಡಿಲೀಟ್ ಮಾಡಲು ಎರಡು ದಿನ ಚಿಲ್ಲರೆ ಸಮಯ ಇದೆ. ಗ್ರೂಪಿನ ಅಡ್ಮಿನ್ ಕೂಡ ತೆಗೆಯಬಹುದು. ಅವರಿಗೆ ಮೆಸೇಜ್ ಹಾಕಿ ಕಾಯಬೇಡಿ, ಫೋನ್ ಮಾಡಿ. ಯಾರ್ಯಾರು ಅದನ್ನು ಆಗಲೇ ಮುಂದೆ ಕಳಿಸಿದ್ದಾರೆ ಅಂತ ಅದೇ ಗ್ರೂಪಿನಲ್ಲಿ ಕೇಳಿ, ಅವರ ಹತ್ತಿರವೂ ತೆಗೆಸಿ. ವಿಡಿಯೋದಲ್ಲಿ ಇರುವವರ ಮನೆಗೆ ನೀವೇ ಹೋಗಿ ವಿಷಯ ತಿಳಿಸಿ, ಇನ್ನೊಬ್ಬರ ಬಾಯಿಂದ ಗೊತ್ತಾಗುವ ಮುಂಚೆ.